ಕಾನ್ಸರ್ಟ್ ಬ್ಯಾಂಡಿಗೆ ಉಜ್ಬೇಕ್ ಹಾಡು: ದೋಯಿರಾದಿಂದ ಶುರುಮಾಡಿ

ಪ್ರಶ್ನೆ: ನಾನು ಅಮೆರಿಕದ ಒಂದು ಹವ್ಯಾಸಿ ಕಾನ್ಸರ್ಟ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತೇನೆ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತಿದ್ದೆ. ನಮ್ಮ ಬ್ಯಾಂಡಿಗಾಗಿ ಉಜ್ಬೇಕ್ ಜಾನಪದ ಗೀತೆಗಳನ್ನು ಆಧರಿಸಿ ಏಳು ನಿಮಿಷದ ಕೃತಿ ಬರೆಯುತ್ತಿದ್ದೇನೆ. ಊದುವವರು 42 ಮಂದಿ, ತಾಳವಾದ್ಯಕ್ಕೆ 5 ಮಂದಿ. ತನೋವರ್, ಯೋರ್-ಯೋರ್, ಬೋಯ್‌ಚೆಚಕ್, ಬಹೋರ್ ವಾಲ್ಸಿ, ಲಾಜ್ಗಿ ಹೀಗೆ ಐದು ಹಾಡು ಆರಿಸಿಕೊಂಡೆ. ಮೊದಲ ಅಭ್ಯಾಸದಲ್ಲಿ ನುಡಿಸಿ ನೋಡಿದರೆ ಮರಳುಗಾಡಿನ ಸಿನಿಮಾದ ಹಿನ್ನೆಲೆ ಸಂಗೀತದ ಹಾಗೆ ಕೇಳಿಸಿತು. ಒಂಬತ್ತು ಎಣಿಕೆಯ ಭಾಗದಲ್ಲಿ ಎಲ್ಲರೂ ತಪ್ಪಿದರು. ಲಾಜ್ಗಿಯ ವೇಗ ಏರುತ್ತಿದ್ದಂತೆ ಬ್ಯಾಂಡ್ ಚದುರಿಹೋಯಿತು. ಕರಡು ಜೊತೆಗಿಟ್ಟಿದ್ದೇನೆ. ಎಲ್ಲಿ ಸರಿಪಡಿಸಬೇಕು?

ಉತ್ತರ: ತಾಳವಾದ್ಯದ ಸಾಲುಗಳನ್ನು ನೀವು ಕೊನೆಗೆ ಬರೆದಿದ್ದೀರಿ ಅನ್ನುವುದು ಕರಡು ನೋಡಿದ ಕೂಡಲೇ ಗೊತ್ತಾಗುತ್ತದೆ. ರಾಗ ಬರೆದಾಯಿತು, ಅದಕ್ಕೆ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗೊಂಚಲು) ಕೂರಿಸಿದ್ದಾಯಿತು, ಉಳಿದ ಜಾಗಕ್ಕೆ ಟ್ಯಾಂಬರೀನ್ ಬಂತು. ನಿಮ್ಮ ಮೂರೂ ತೊಂದರೆಗಳ ಬೇರು ಅಲ್ಲೇ ಇದೆ. ಉಜ್ಬೇಕ್ ಹಾಡು ದೋಯಿರಾದ ಮೇಲೆ ನಿಂತಿರುತ್ತದೆ. ದೋಯಿರಾ ಎಂದರೆ ಚೌಕಟ್ಟಿನ ದೊಡ್ಡ ತಮಟೆ. ಒಳಅಂಚಿಗೆ ಹತ್ತಾರು ಲೋಹದ ಬಳೆಗಳು ಜೋತುಬಿದ್ದಿರುತ್ತವೆ. ಅದು ಹಿಡಿದಿಡುವ ಲಯದ ಆವರ್ತಕ್ಕೆ ಉಸುಲ್ ಎನ್ನುತ್ತಾರೆ. ಹಾಡಿನ ಹೆಸರು ಗೊತ್ತಿಲ್ಲದಿದ್ದರೂ ಉಸುಲ್ ಕೇಳಿ ಇದು ನೃತ್ಯದ್ದೋ, ಗಂಭೀರ ಗಾಯನದ್ದೋ ಎಂದು ಅಲ್ಲಿಯವರು ಗುರುತಿಸುತ್ತಾರೆ. ಹಾಗಾಗಿ ಎಲ್ಲವನ್ನೂ ಅಳಿಸಿ, ಮೊದಲು ದೋಯಿರಾದ ಒಂದೇ ಸಾಲು ಬರೆಯಿರಿ. ಅದರ ಮೇಲೆ ಹಾಡು, ಆಮೇಲೆ ಆಧಾರ ಸ್ವರ. ಕಾರ್ಡುಗಳ ಯೋಚನೆ ಕಟ್ಟಕಡೆಗೆ, ಅದೂ ಬೇಕೆನಿಸಿದರೆ.

ಮೊದಲು ಹಾಡುಗಳ ಆಯ್ಕೆ. ಏಳು ನಿಮಿಷಕ್ಕೆ ಐದು ಹಾಡು ಎಂದರೆ ಅದು ಕದಂಬ. ಮಧ್ಯ ಏಷ್ಯಾದ ಹಾಡುಗಳಿಗೂ ಮಿಲಿಟರಿ ಬ್ಯಾಂಡುಗಳಿಗೂ ನಂಟು ಹಳೆಯದು: 1870ರಿಂದ ತಾಷ್ಕೆಂಟಿನಲ್ಲಿ ರಷ್ಯನ್ ಸೇನೆಯ ಬ್ಯಾಂಡ್ ಮಾಸ್ಟರ್ ಆಗಿದ್ದ ಆಗಸ್ಟ್ ಐಖ್‌ಹಾರ್ನ್ ಅಲ್ಲಿನ ಹಾಡುಗಳನ್ನೂ ವಾದ್ಯಗಳನ್ನೂ ಸಂಗ್ರಹಿಸಿದ್ದ. ಕಂಡ ಹಾಡುಗಳನ್ನೆಲ್ಲ ಸಾಲಾಗಿ ಪೋಣಿಸುವುದು ಬ್ಯಾಂಡಿನವರಿಗೆ ಹಳೆಯ ಚಟ. ಅದನ್ನು ನೀವೂ ಮುಂದುವರಿಸಬೇಕಾಗಿಲ್ಲ. ಬಹೋರ್ ವಾಲ್ಸಿಯನ್ನು ತೆಗೆದುಬಿಡಿ. ಅದು ಜಾನಪದ ಅಲ್ಲ. ಮುಹಮ್ಮದ್‌ಜಾನ್ ಮಿರ್ಜಾಯೆವ್ ರಚಿಸಿದ್ದು, ಅವರು ತೀರಿಕೊಂಡಿದ್ದು 1999ರಲ್ಲಿ. ಸಾಂಪ್ರದಾಯಿಕ ಶೈಲಿಯಲ್ಲೇ ಹೊಸ ಹಾಡು ಕಟ್ಟುವವರನ್ನು ಅಲ್ಲಿ ಬಸ್ತಕೋರ್ ಎನ್ನುತ್ತಾರೆ. 20ನೇ ಶತಮಾನದ ಬಸ್ತಕೋರರ ಎಷ್ಟೋ ರಚನೆಗಳು ಜಾನಪದವೆಂದೇ ಓಡಾಡುತ್ತಿವೆ. ಅನುಮತಿ ಇಲ್ಲದೆ ಬಳಸಿದರೆ ಕೃತಿ ಅಚ್ಚಾಗುವ ಹೊತ್ತಿಗೆ ತಕರಾರು ಬರುತ್ತದೆ. ಬೋಯ್‌ಚೆಚಕ್ ವಸಂತದ ಮೊದಲ ಹೂವಿನ ಬಗ್ಗೆ ಮಕ್ಕಳು ಹಾಡುವ ಪುಟ್ಟ ಹಾಡು, ಕೆಲವೇ ಸ್ವರಗಳ ವ್ಯಾಪ್ತಿಯದು. ಆರಂಭಿಕರ ಬ್ಯಾಂಡಿಗೆ ಬೇರೆಯಾಗಿ ಬರೆದರೆ ಚೆನ್ನಾಗಿರುತ್ತದೆ. ಲಾಜ್ಗಿಯ ಪಕ್ಕದಲ್ಲಿ ಅದು ಕಾಣುವುದೇ ಇಲ್ಲ.

ಉಳಿದದ್ದು ಮೂರು. ತನೋವರ್ ಫರ್ಗಾನಾ ಕಣಿವೆಯ ಹೆಂಗಸರ ಹಾಡು, ನೃತ್ಯವೂ ಹೌದು. ನರ್ತಕಿ ಮುಕರ್ರಮ್ ತುರ್ಗುನ್‌ಬಾಯೆವಾ ವೇದಿಕೆಗೆ ತಂದ ಏಕವ್ಯಕ್ತಿ ನೃತ್ಯದಿಂದ ಮನೆಮಾತಾಯಿತು. ಅದಕ್ಕೆ ಹಲವು ರೂಪಾಂತರಗಳಿವೆ, ಹೆಸರು ಮಾತ್ರ ಒಂದೇ. ಯಾವ ಧ್ವನಿಮುದ್ರಣದಿಂದ ತೆಗೆದುಕೊಂಡಿರಿ ಎಂದು ಸ್ವರಪ್ರಸ್ತಾರದ ಮೊದಲ ಪುಟದಲ್ಲೇ ಬರೆದಿಡಿ. ಒಂದರ ರಾಗಕ್ಕೆ ಇನ್ನೊಂದರ ದೋಯಿರಾ ಕೂರಿಸಿದರೆ ಒತ್ತುಗಳು ಎಲ್ಲೆಲ್ಲೋ ಬೀಳುತ್ತವೆ. ನಿಮ್ಮ ಕರಡಿನ 41ನೇ ಬಾರಿನಿಂದಾಚೆ (ಬಾರ್ ಎಂದರೆ ಎರಡು ಗೆರೆಗಳ ನಡುವಿನ ತಾಳದ ಖಾನೆ) ಆಗಿರುವುದು ಅದೇ ಎಂದು ನನ್ನ ಅನುಮಾನ. ಯೋರ್-ಯೋರ್ ಮದುವೆಯಲ್ಲಿ ಹೆಣ್ಣನ್ನು ಕಳಿಸಿಕೊಡುವಾಗಿನ ಹಾಡು. ನಮ್ಮ ಸೋಬಾನೆಯಲ್ಲಿ ಸಾಲಿನ ಕೊನೆಗೆ ‘ಸೋಬಾನೆ’ ಬರುವ ಹಾಗೆ ಇಲ್ಲಿ ‘ಯೋರ್-ಯೋರ್’ ಬರುತ್ತದೆ. ಒಬ್ಬರು ಸಾಲೆತ್ತಿ ಎಲ್ಲರೂ ಪಲ್ಲವಿ ಹಿಡಿಯುವ ಈ ಕಟ್ಟು ಬ್ಯಾಂಡಿಗೆ ಹೇಳಿ ಮಾಡಿಸಿದಂತಿದೆ. ಲಾಜ್ಗಿ ಪಶ್ಚಿಮ ಉಜ್ಬೇಕಿಸ್ತಾನದ ಖೋರೆಜ್ಮ್ ಪ್ರಾಂತ್ಯದ್ದು, ಆರು ಎಣಿಕೆಯ ನೃತ್ಯ. 2019ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಬೆರಳು, ಮಣಿಕಟ್ಟಿನ ಸಣ್ಣ ಚಲನೆಯಿಂದ ನಿಧಾನವಾಗಿ ಶುರುವಾಗಿ ಮೈಯೆಲ್ಲ ಕುಣಿಯುವ ವೇಗಕ್ಕೆ ಹೋಗುತ್ತದೆ.

ಇನ್ನು ಆ ‘ಮರಳುಗಾಡಿನ’ ವಾಸನೆ. ನೀವು ರಾಗವನ್ನೆಲ್ಲ ಮಾಯಾಮಾಳವಗೌಳದ ಪೂರ್ವಾಂಗದ ಮೇಲೆ ಕೂರಿಸಿದ್ದೀರಿ: ಸ, ಕೋಮಲ ರಿ, ಅಲ್ಲಿಂದ ಅಂತರ ಗಾಂಧಾರಕ್ಕೆ ಜಿಗಿತ. ಪೂರ್ವದೇಶ ಅಂದಕೂಡಲೇ ಹಾಲಿವುಡ್ಡಿಗೆ ನೆನಪಾಗುವುದು ಆ ಜಿಗಿತವೇ. ಉಜ್ಬೇಕ್ ಜಾನಪದ ಹಾಡುಗಳಲ್ಲಿ ಬಹುಪಾಲು ಸರಳ ಏಳು ಸ್ವರದ ಮೇಳಗಳಲ್ಲೇ ನಡೆಯುತ್ತವೆ. ನಿಮಗೆ ಪರಿಚಿತ ಹೆಸರಿನಲ್ಲಿ ಹೇಳುವುದಾದರೆ ಹರಿಕಾಂಭೋಜಿ, ಖರಹರಪ್ರಿಯ, ನಟಭೈರವಿ, ಆಗಾಗ ತೋಡಿಯ ಸ್ವರಗಳು. ಸ್ವರಸ್ಥಾನ ಒಂದೇ ಎಂದು ರಾಗ ಒಂದೇ ಎಂದುಕೊಳ್ಳಬೇಡಿ. ಖರಹರಪ್ರಿಯದ ಗಾಂಧಾರಕ್ಕೆ ನಾವು ಕೊಡುವ ಕಂಪಿತ ಅಲ್ಲಿಲ್ಲ. ಸಿಕ್ಕ ಧ್ವನಿಮುದ್ರಣವನ್ನು ಅರ್ಧ ವೇಗಕ್ಕಿಳಿಸಿ, ಹಾಡಿ, ಸ್ವರ ಬರೆದುಕೊಳ್ಳಿ. ಆ ಜಿಗಿತ ಹಾಡಿನಲ್ಲಿ ನಿಜವಾಗಿ ಇದ್ದರೆ ಇರಲಿ, ಇಲ್ಲದಿದ್ದರೆ ನೀವಾಗಿ ಸೇರಿಸಬೇಡಿ.

ಬ್ಯಾಂಡಿಗೆ ಜಿ ಡೋರಿಯನ್ ಒಳ್ಳೆಯ ಶ್ರುತಿ: ಜಿಯನ್ನು ಸ ಮಾಡಿದ ಖರಹರಪ್ರಿಯ. ಕಾನ್ಸರ್ಟ್ ಶ್ರುತಿಯಲ್ಲಿ, ಅಂದರೆ ನಿಜವಾಗಿ ಕೇಳಿಸುವ ಸ್ವರಗಳಲ್ಲಿ, ಒಂದೇ ಫ್ಲ್ಯಾಟ್. ಬಿ ಫ್ಲ್ಯಾಟ್ ಕ್ಲಾರಿನೆಟ್, ಟ್ರಂಪೆಟ್‌ಗಳಿಗೆ ಒಂದು ಶಾರ್ಪ್, ಆಲ್ಟೊ ಸ್ಯಾಕ್ಸೊಫೋನಿಗೆ ಎರಡು ಶಾರ್ಪ್, ಎಫ್ ಹಾರ್ನಿಗೆ ಏನೂ ಇಲ್ಲ. ನೀವು ಎರಡು ಫ್ಲ್ಯಾಟಿನ ಜಿ ಮೈನರ್ ಗುರುತು ಹಾಕಿ, ಬೇಕಾದಲ್ಲೆಲ್ಲ ಇ ನ್ಯಾಚುರಲ್ ಬರೆದಿದ್ದೀರಿ. ಹವ್ಯಾಸಿಗಳ ಕೈ ಜಿ ಮೈನರಿಗೆ ಒಗ್ಗಿರುತ್ತದೆ. ಎರಡನೆಯ ಬಾರ್‌ನಲ್ಲೇ ಯಾರೋ ಒಬ್ಬರು ಇ ಫ್ಲ್ಯಾಟ್ ಹಿಡಿಯುತ್ತಾರೆ, ಧೈವತ ಎರಡಾಗಿ ಸೀಳುತ್ತದೆ. ಗುರುತು ಬದಲಾಯಿಸಿ. ಆಮೇಲೆ ಆ ಒಂದು ಸ್ವರವನ್ನು ಎಲ್ಲರಿಗೂ ತೋರಿಸಿಬಿಡಿ: ಕ್ಲಾರಿನೆಟ್, ಟ್ರಂಪೆಟ್‌ಗೆ ಎಫ್ ಶಾರ್ಪ್, ಆಲ್ಟೊಗೆ ಸಿ ಶಾರ್ಪ್, ಹಾರ್ನಿಗೆ ಬಿ ನ್ಯಾಚುರಲ್.

ಕಾರ್ಡುಗಳ ವಿಷಯದಲ್ಲಿ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಪ್ರತಿ ನಿಲುಗಡೆಯಲ್ಲೂ ಡಿ ಸೆವೆನ್ ಹಾಕಿ ಜಿಗೆ ಇಳಿದಿದ್ದೀರಿ. ಆ ಕಾರ್ಡಿನೊಳಗಿನ ಎಫ್ ಶಾರ್ಪ್, ಹಾಡಿನಲ್ಲಿರುವ ಎಫ್ ನ್ಯಾಚುರಲ್‌ನ ತಲೆ ಮೇಲೆ ಕೂರುತ್ತದೆ. ಬೆರಕೆ ಮಸಾಲೆಯ ರುಚಿ ಅಲ್ಲಿಂದಲೇ ಬರುತ್ತಿರುವುದು. ಉಜ್ಬೇಕ್ ಮನೆಮನೆಯಲ್ಲಿರುವ ದುತಾರ್ ಏನು ಮಾಡುತ್ತದೆ ನೋಡಿ. ಉದ್ದ ಕುತ್ತಿಗೆ, ಎರಡೇ ತಂತಿ. ಎರಡನ್ನೂ ಒಟ್ಟಿಗೆ ಮೀಟುತ್ತಾರೆ. ಒಂದರ ಮೇಲೆ ಹಾಡು ನಡೆಯುತ್ತಿದ್ದರೆ ಇನ್ನೊಂದು ಆಧಾರ ಸ್ವರವಾಗಿ ಮೊಳಗುತ್ತಿರುತ್ತದೆ, ಇಲ್ಲವೇ ನಾಲ್ಕು-ಐದು ಸ್ವರದ ಅಂತರದಲ್ಲಿ ಜೊತೆಯಾಗಿ ಸಾಗುತ್ತದೆ. ಸ-ಪ ಮತ್ತು ಸ-ಮ, ಇಷ್ಟೇ ಅಲ್ಲಿನ ಕಾರ್ಡು. ಅದನ್ನೇ ಬಳಸಿ. ಟ್ಯೂಬಾ, ಬಾಸ್ ಕ್ಲಾರಿನೆಟ್‌ಗೆ ಜಿ ಮತ್ತು ಡಿ. ರಾಗಕ್ಕೆ ಜೊತೆ ಬೇಕೆನಿಸಿದಲ್ಲಿ ಎರಡನೆಯ ಕ್ಲಾರಿನೆಟ್‌ಗಳನ್ನು ಕೆಳಗೆ ನಾಲ್ಕನೆಯ ಸ್ವರದಲ್ಲಿ ನಡೆಸಿ. ನಿಲುಗಡೆಗೆ ಎಫ್-ಸಿ ಜೋಡಿಯಿಂದ ಜಿ-ಡಿ ಜೋಡಿಗೆ ಇಳಿದರೆ ಸಾಕು, ಮೂರನೆಯ ಸ್ವರ ಬೇಡ. ದುತಾರಿನ ಮೀಟಿನ ನಡುಕ ಬೇಕಿದ್ದರೆ ಎರಡನೆಯ, ಮೂರನೆಯ ಕ್ಲಾರಿನೆಟ್ ಗುಂಪುಗಳು ಸಿಕ್ಸ್‌ಟೀಂತ್ ನೋಟ್‌ಗಳನ್ನು ಎರಡೆರಡಾಗಿ ಹಂಚಿಕೊಂಡು ನುಡಿಸಲಿ; ಒಂದೇ ಗುಂಪಿಗೆ ಎಲ್ಲವನ್ನೂ ಕೊಟ್ಟರೆ ನಾಲಗೆ ಸೋತು ಎಂಟನೆಯ ಬಾರ್‌ನಲ್ಲೇ ಹಿಂದೆ ಬೀಳುತ್ತಾರೆ. ಕೆಳಗೆ ಮರಿಂಬಾ, ಮೃದು ಕೋಲಿನಿಂದ.

ಹಾಗಾದರೆ 42 ಜನಕ್ಕೆ ಕೆಲಸವೇನು ಎಂದು ಕೇಳುತ್ತೀರಿ. ಒಂದೇ ಹಾಡನ್ನು ಎಲ್ಲರೂ ಏಕಕಾಲಕ್ಕೆ, ಆದರೆ ಬೇರೆಬೇರೆ ಅಲಂಕಾರದಲ್ಲಿ ನುಡಿಸುವುದು. ಅಲ್ಲಿನ ಮೇಳದಲ್ಲಿ ನಾಯ್ (ಕೊಳಲು), ಗಿಜಕ್ (ಕಮಾನಿನ ತಂತಿವಾದ್ಯ), ತನ್ಬೂರ್ (ಉದ್ದ ಕುತ್ತಿಗೆಯ ಮೀಟುವಾದ್ಯ), ದುತಾರ್ ಮಾಡುವುದು ಇದನ್ನೇ. ಉದಾಹರಣೆಗೆ ನಾನೇ ಕಟ್ಟಿದ ಎರಡು ಬಾರಿನ ತುಣುಕು ಕೊಡುತ್ತೇನೆ, ಯಾವ ಜಾನಪದ ಹಾಡಿನದೂ ಅಲ್ಲ. ಬಾರಿಗೆ ಆರು ಎಣಿಕೆ, ಅಲ್ಪವಿರಾಮ ಎಂದರೆ ಎಳೆತ.

ಯುಫೋನಿಯಂ, ಟೆನರ್ ಸ್ಯಾಕ್ಸೊಫೋನ್: ಪ , ಮ ಗ , ರಿ | ಗ , ರಿ ಸ , ,
ಕ್ಲಾರಿನೆಟ್: ಪ ಧ ಮ ಗ ಮ ರಿ | ಗ ಮ ರಿ ಸ , ನಿ

ಎರಡೂ ಸಾಲುಗಳಲ್ಲಿ ಒಂದು, ಮೂರು, ನಾಲ್ಕನೆಯ ಎಣಿಕೆಯ ಸ್ವರಗಳು ಒಂದೇ. ಕ್ಲಾರಿನೆಟ್ ತುಂಬುತ್ತಿರುವುದು ಎಳೆತದ ಜಾಗಗಳನ್ನು ಮಾತ್ರ. ಮೂರನೆಯ ಸಾಲು ಒಂದೇ ಕೊಳಲಿಗೆ ಅಥವಾ ಓಬೋಗೆ: ಕ್ಲಾರಿನೆಟ್ಟಿನದೇ ಸಾಲು, ಆದರೆ ಮೊದಲ ಪ ಮೇಲಿನ ಧದಿಂದ ಚಿಮ್ಮಿ ಇಳಿಯುತ್ತದೆ, ಕೊನೆಯ ಸ ಮೊದಲು ನೇರವಾಗಿ ನಿಂತು ಆಮೇಲೆ ಅಲುಗುತ್ತದೆ. ತಡವಾಗಿ ಬರುವ ಆ ಅಲುಗಾಟಕ್ಕೆ ನೋಲಾ ಎನ್ನುತ್ತಾರೆ. ಅಳು, ಗೋಳು ಎಂಬ ಅರ್ಥ. ಸ್ವರ ಶುರುವಾದ ಕ್ಷಣದಿಂದಲೇ ಕಂಪಿಸಿದರೆ ಅದು ಇಟಾಲಿಯನ್ ಒಪೆರಾ ಆಗುತ್ತದೆ. ನೋಲಾವನ್ನು ಪ್ರತಿ ಗುಂಪಿನ ಮೊದಲ ಕುರ್ಚಿಯವರಿಗೆ ಮಾತ್ರ ಕೊಡಿ, ಉಳಿದವರು ನೇರ ಸ್ವರ ಹಿಡಿಯಲಿ. ಹತ್ತು ಕ್ಲಾರಿನೆಟ್ ಒಟ್ಟಿಗೆ ತುಟಿ ಸಡಿಲಿಸಿದರೆ ನೋಲಾ ಕೇಳುವುದಿಲ್ಲ, ಶ್ರುತಿ ಬಿದ್ದದ್ದಷ್ಟೇ ಕೇಳುತ್ತದೆ. ಗಮಕ ಹಾಡಿ ಬಲ್ಲವರಾದ್ದರಿಂದ ನೀವೇ ಹಾಡಿ ತೋರಿಸುವುದು ವಾಸಿ. ಕಾಗದದ ಮೇಲೆ ಅಲೆಅಲೆ ಗೆರೆ ಎಳೆದರೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುತ್ತಾರೆ.

ಇದೇ ಕಾರಣಕ್ಕೆ ಅಚ್ಚಾದ ಸ್ವರಪ್ರಸ್ತಾರವನ್ನು ಪೂರ್ತಿ ನಂಬಬೇಡಿ. ವಿಕ್ಟರ್ ಉಸ್ಪೆನ್‌ಸ್ಕಿ 1923ರಲ್ಲಿ ಬುಖಾರಾದಲ್ಲಿ ಕೂತು ಅಲ್ಲಿನ ಆರು ಮಕಾಮ್‌ಗಳ (ಶಾಸ್ತ್ರೀಯ ಗಾಯನ-ವಾದನ ಮಾಲಿಕೆಗಳ) ಸಂಗ್ರಹವಾದ ಶಶ್‌ಮಕಾಮನ್ನು ಬರೆದುಕೊಂಡ, ಮರುವರ್ಷ ಅಚ್ಚಾಯಿತು. ಯೂನುಸ್ ರಜಬಿ ದಶಕಗಳ ಕಾಲ ಜಾನಪದ ಹಾಡುಗಳನ್ನೂ ಮಕಾಮ್‌ಗಳನ್ನೂ ಸಂಪುಟಗಳಾಗಿ ಹೊರತಂದರು. ಅವು ದೊಡ್ಡ ಕೆಲಸ, ಆದರೆ ಕಾಗದದ ಮೇಲೆ ಸಿಗುವುದು ಅಸ್ಥಿಪಂಜರ. ಹಂದರ ಪುಸ್ತಕದಿಂದ ತೆಗೆದುಕೊಳ್ಳಿ, ಮಾಂಸ ಧ್ವನಿಮುದ್ರಣದಿಂದ. ಶ್ರುತಿಯ ಬಗ್ಗೆ ಅತಿಯಾಗಿ ತಲೆಕೆಡಿಸಿಕೊಳ್ಳುವುದೂ ಬೇಡ; ಅಶೋತ್ ಪೆತ್ರೋಸ್ಯಾಂಟ್ಸ್ ತಾಷ್ಕೆಂಟಿನಲ್ಲಿ ಜಾನಪದ ವಾದ್ಯಗಳನ್ನೇ ಹನ್ನೆರಡು ಸಮಸ್ವರಗಳಿಗೆ ಹೊಂದಿಸಿ ದೊಡ್ಡ ವಾದ್ಯವೃಂದ ಕಟ್ಟಿದ ಮೇಲೆ ಅಲ್ಲಿಯೂ ಆ ಸ್ಥಾನಗಳೇ ರೂಢಿಯಾಗಿವೆ. ನಿಮ್ಮ ಕ್ಲಾರಿನೆಟ್ಟಿನ ಕೀಲಿಗಳು ಸಾಕು.

ವಾದ್ಯಗಳ ಬದಲಿಗೆ ಬರೋಣ. ಮದುವೆ, ವಸಂತದ ಹೊಸವರ್ಷದ ಹಬ್ಬ ನವ್ರೂಜ್‌ಗಳಲ್ಲಿ ಬಯಲಲ್ಲಿ ಮೊಳಗುವ ಮೇಳ ಕರ್ನಾಯ್-ಸುರ್ನಾಯ್, ಜೊತೆಗೆ ದೋಯಿರಾ ಮತ್ತು ಜೋಡಿ ಮಡಕೆ ನಗಾರಿ. ಸುರ್ನಾಯ್ ಶೆಹನಾಯಿಯ ಬಳಗದ್ದೇ, ಉತ್ತರ ಕರ್ನಾಟಕದ ಸನಾದಿ ಕೇಳಿದವರಿಗೆ ಅಪರಿಚಿತ ಅನಿಸದು. ನೀವು ಅದನ್ನು ಒಂದೇ ಓಬೋಗೆ ಕೊಟ್ಟಿದ್ದೀರಿ. ಓಬೋ ಒಳಾಂಗಣದ ವಾದ್ಯ, ದೋಯಿರಾ ಶುರುವಾದರೆ ಮುಳುಗುತ್ತದೆ. ಓಬೋ, ಇ ಫ್ಲ್ಯಾಟ್ ಕ್ಲಾರಿನೆಟ್ ಮತ್ತು ಸ್ಟ್ರೇಟ್ ಮ್ಯೂಟ್ ಹಾಕಿದ ಒಂದು ಟ್ರಂಪೆಟ್, ಮೂರೂ ಒಂದೇ ಸ್ಥಾಯಿಯಲ್ಲಿ ನುಡಿಸಲಿ. ಮೂಗಿನ ಧ್ವನಿ ಬರುತ್ತದೆ. ಮ್ಯೂಟ್ ಹಾಕಿದಾಗ ಟ್ರಂಪೆಟ್ಟಿನ ಶ್ರುತಿ ತುಸು ಏರುತ್ತದೆ. ಮ್ಯೂಟ್ ಹಾಕಿಯೇ ಶ್ರುತಿ ಮಾಡಿಸಿ, ಸ್ಲೈಡ್ ಕೆಲವು ಮಿಲಿಮೀಟರ್ ಹೊರಗೆಳೆಸಿ. ತೆಗೆದ ಕೂಡಲೇ ವಾಪಸು ತಳ್ಳಲು ಎರಡು ಬಾರಿನ ವಿರಾಮವೂ ಇರಲಿ.

ಕರ್ನಾಯ್ ಸುಮಾರು ಎರಡು ಮೀಟರ್ ಉದ್ದದ ಹಿತ್ತಾಳೆ ಕಹಳೆ. ರಂಧ್ರ, ಕೀಲಿ ಏನೂ ಇಲ್ಲ. ತುಟಿಯ ಬಿಗಿತದಿಂದ ಬರುವ ಸಹಜ ಸ್ವರಗಳಷ್ಟೇ. ನಿಮ್ಮ ಟ್ರೊಂಬೋನಿಗೆ ನೀವು ಬರೆದಿರುವ ಸ್ವರಸ್ವರವಾದ ಓಟ ಹಾಗಾಗಿ ಸುಳ್ಳು ಅನಿಸುತ್ತದೆ. ಮೂವರು ಟ್ರೊಂಬೋನಿನವರೂ ಸ್ಲೈಡನ್ನು ನಾಲ್ಕನೆಯ ಸ್ಥಾನದಲ್ಲಿಟ್ಟು ಅಲ್ಲೇ ಬಿಡಲಿ. ಅಲ್ಲಿ ಸಿಗುವುದು ಜಿ, ಮೇಲಿನ ಡಿ, ಅದರ ಮೇಲಿನ ಜಿ. ಅದಕ್ಕೂ ಮೇಲೆ ಬಿ ನ್ಯಾಚುರಲ್ ಬರುತ್ತದೆ, ಅದನ್ನು ಮುಟ್ಟಬಾರದು. ನಮ್ಮ ಗಾಂಧಾರ ಬಿ ಫ್ಲ್ಯಾಟ್. ಇಷ್ಟೇ ಮೂರು ಸ್ವರ, ಒಂದರಿಂದ ಇನ್ನೊಂದಕ್ಕೆ ತುಟಿಯಿಂದಲೇ ಹಾರುವುದು, ಗಂಟೆಬಾಯಿ ಮೇಲೆತ್ತಿ, ಕಡೆಯಲ್ಲಿ ನಾಲಗೆ ನಡುಗಿಸಿ ಗುಡುಗು. ಹಾರ್ನುಗಳು ಇದರ ಮೇಲೆ ಡಿಯನ್ನು ಹಿಡಿದರೆ ಸಾಕು. ಕೃತಿ ಶುರುವಾಗಬೇಕಾದ್ದು ಹೀಗೆಯೇ.

ನನಗೆ ಬಹಳ ಇಷ್ಟವಾದ ವಾದ್ಯ ಕೋಶ್‌ನಾಯ್. ಎರಡು ಜೊಂಡಿನ ಕೊಳವೆಗಳನ್ನು ಜೋಡಿಸಿ ಕಟ್ಟಿ ಒಟ್ಟಿಗೆ ಊದುತ್ತಾರೆ. ಎರಡೂ ಒಂದೇ ಸ್ವರ ಹಿಡಿದರೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದು ಧ್ವನಿ ಮಿಡಿಯುತ್ತದೆ. ಇಬ್ಬರು ಕ್ಲಾರಿನೆಟ್ಟಿನವರನ್ನು ಪಕ್ಕಪಕ್ಕ ಕೂರಿಸಿ ಕೆಳಸ್ಥಾಯಿಯಲ್ಲಿ ಒಂದೇ ಸಾಲು ಕೊಡಿ. ಒಬ್ಬರು ನೇರವಾಗಿ, ಇನ್ನೊಬ್ಬರು ದವಡೆ ಸ್ವಲ್ಪ ಸಡಿಲಿಸಿ. ತನೋವರ್‌ನ ಎರಡನೆಯ ಚರಣಕ್ಕೆ ಇದನ್ನು ಬಳಸಿ, ಹಿಂದೆ ಏನೂ ಬೇಡ. ಅವರ ಸ್ವರದ ಹಾಳೆಯಲ್ಲಿ ‘ಶ್ರುತಿ ಸರಿಪಡಿಸಬೇಡಿ’ ಎಂದು ಬರೆಯಲು ಮರೆಯಬೇಡಿ, ಇಲ್ಲದಿದ್ದರೆ ಬ್ಯಾಂಡಿನ ನಿರ್ದೇಶಕರು ಅಭ್ಯಾಸ ನಿಲ್ಲಿಸಿ ಟ್ಯೂನರ್ ತೆಗೆಯುತ್ತಾರೆ.

ದೋಯಿರಾಕ್ಕೆ ಮುಖ್ಯವಾಗಿ ಎರಡು ಪಾಟ, ಅಂದರೆ ಬಡಿತ: ಚರ್ಮದ ನಡುಭಾಗದ ಕಡೆ ಬಿದ್ದರೆ ಬುಂ, ಅಂಚಿಗೆ ಬಿದ್ದರೆ ಬಕ್. ನಿಮ್ಮ ಕರಡಿನಲ್ಲಿ ಬುಂ ಬಾಸ್ ಡ್ರಮ್ಮಿಗೆ, ಬಕ್ ಟ್ಯಾಂಬರೀನಿಗೆ ಹೋಗಿದೆ. ಬಾಸ್ ಡ್ರಮ್ಮಿನ ಧ್ವನಿ ಸಾಯುವುದರೊಳಗೆ ಮುಂದಿನ ಪಾಟ ಬಂದು ಕೆಸರಾಗುತ್ತದೆ. ಟ್ಯಾಂಬರೀನಿನಲ್ಲಿ ಚರ್ಮಕ್ಕಿಂತ ಬಿಲ್ಲೆಗಳ ಸದ್ದೇ ಜೋರು. ದೋಯಿರಾದ ಬಳೆಗಳು ಚರ್ಮದ ಹಿಂದೆ ಮೆಲ್ಲಗೆ ಸರಸರ ಅನ್ನುತ್ತವೆ ಅಷ್ಟೆ. ಸುಮಾರು 40 ಸೆಂಟಿಮೀಟರ್ ಅಗಲದ ಫ್ರೇಮ್ ಡ್ರಮ್ ಎರಡು ಸಿಕ್ಕರೆ ತನ್ನಿ. ಎರಡೂ ಪಾಟಗಳನ್ನು ಒಬ್ಬರೇ ಬೆರಳಿನಿಂದ ನುಡಿಸಬೇಕು. ಇಬ್ಬರಿಗೆ ಹಂಚಿದರೆ ಉಸುಲ್ ಒಡೆಯುತ್ತದೆ. ಕೋಲು ಬೇಡ. ಬಳೆಯ ಸದ್ದಿಗೆ ಮೂರನೆಯವರು ಟ್ಯಾಂಬರೀನನ್ನು, ಅರ್ಧ ಬಿಲ್ಲೆಗಳಿಗೆ ಟೇಪ್ ಸುತ್ತಿ, ಮೆಲ್ಲಗೆ ಅಲುಗಿಸಲಿ. ಚರ್ಮದ ದೋಯಿರಾವೇ ಸಿಕ್ಕಿದರೆ ತೇವದ ದಿನ ಅದು ಸಡಿಲುತ್ತದೆ, ಬಕ್ ಕೂಡ ಬುಂ ಆಗುತ್ತದೆ. ಕಾರ್ಯಕ್ರಮಕ್ಕೆ ಮುಂಚೆ ಬಿಸಿಗಾಳಿ ಹಿಡಿಯಬೇಕು. ಅಲ್ಲಿಯೂ ಬೆಂಕಿಗೆ ಹಿಡಿದೇ ಬಿಗಿ ಮಾಡುತ್ತಿದ್ದದ್ದು, ನಮ್ಮ ತಮಟೆಯವರ ಹಾಗೆ. ನಾಲ್ಕನೆಯವರಿಗೆ ಕೈರೋಕ್: ಕೈಗೆರಡರಂತೆ ನಾಲ್ಕು ಚಪ್ಪಟೆ ಕಲ್ಲು. ಮರದ ಕ್ಯಾಸ್ಟನೆಟ್ ಸ್ಪೇನನ್ನು ನೆನಪಿಸುತ್ತದೆ. ಹೊಳೆಯ ನುಣುಪುಗಲ್ಲೇ ಇರಲಿ. ಐದನೆಯವರು ಮರಿಂಬಾ. ಟಿಂಪನಿ ಬೇಡ, ಟಾಮ್-ಟಾಮಂತೂ ಖಂಡಿತ ಬೇಡ.

ಆರು ಎಣಿಕೆಯ ನೃತ್ಯದ ಉಸುಲ್ ಊರಿಂದ ಊರಿಗೆ, ವಾದಕರಿಂದ ವಾದಕರಿಗೆ ಬದಲಾಗುತ್ತದೆ. ನಿಮ್ಮವರಿಗೆ ಸಾಕಾಗುವ ಸರಳ ರೂಪ ಇದು: ಬುಂ , ಬಕ್ ಬುಂ ಬಕ್ , . ಇದನ್ನು ಎಲ್ಲ 47 ಜನರೂ ಬಾಯಲ್ಲಿ ಹೇಳಿ, ತೊಡೆ ಮೇಲೆ ತಟ್ಟಿ ಕಲಿಯಬೇಕು, ಟ್ಯೂಬಾದವರು ಕೂಡ. ಹಾಡು ಆಗಾಗ ಆರನ್ನು ಎರಡೆರಡರ ಮೂರು ಭಾಗ ಮಾಡಿಕೊಂಡು ಸಾಗುತ್ತದೆ, ದೋಯಿರಾ ಮಾತ್ರ ಮೂರುಮೂರರ ಎರಡು ಭಾಗದಲ್ಲೇ ಇರುತ್ತದೆ. ಆ ಜಗ್ಗಾಟದಲ್ಲೇ ಕುಣಿತದ ಚೈತನ್ಯವಿದೆ. ಕಡ್ಡಿ ಹಿಡಿದ ನಿರ್ದೇಶಕರು ಹಾಡಿನ ಹಿಂದೆ ಹೋಗಿ ಮೂರು ಬಡಿದರೆ ಇಡೀ ಬ್ಯಾಂಡ್ ವಾಲ್ಟ್ಜ್ ಆಗಿಬಿಡುತ್ತದೆ. ಎರಡೇ ಬಡಿಯಬೇಕು.

ಬಿದ್ದುಹೋದ ಒಂಬತ್ತು ಎಣಿಕೆಯ ಭಾಗ ತಲ್ಕಿನ್ ಎಂಬ ಉಸುಲ್. ಶಶ್‌ಮಕಾಮ್‌ನ ಗಾಯನ ಭಾಗದಲ್ಲಿ ಸರಖ್ಬೋರ್ ಎಂಬ ಆರಂಭದ ಹಾಡು ಆದ ಮೇಲೆ ಬರುವುದು. 3/4 ಮತ್ತು 3/8 ಸೇರಿ ಆಗುವ ಕುಂಟುನಡೆ. ನೀವು 9/8 ಎಂದು ಬರೆದು, ಎಯ್ತ್ ನೋಟ್‌ಗಳನ್ನು ಮೂರುಮೂರಾಗಿ ಕಟ್ಟಿದ್ದೀರಿ. ನೋಡಿದವರು ಸಹಜವಾಗಿ ಮೂರು ಸಮ ಹೊಡೆತ ಎಣಿಸುತ್ತಾರೆ, ದೋಯಿರಾ ಬೇರೆ ದಾರಿಯಲ್ಲಿರುತ್ತದೆ. ಗೆರೆಗಳನ್ನು 2, 2, 2, 3 ಎಂದು ಕಟ್ಟಿ. ಮೇಲೆ ಚುಕ್ಕೆ ಗೆರೆಯಿಂದ ಬಾರನ್ನು ಒಡೆದು ತೋರಿಸಿ. ಕಡ್ಡಿಯಲ್ಲಿ ನಾಲ್ಕು ಹೊಡೆತ, ನಾಲ್ಕನೆಯದು ಒಂದೂವರೆ ಪಟ್ಟು ಉದ್ದ. ನಿಮಗೆ ಹೇಗೂ ಗೊತ್ತಿರುವ ಕೊನ್ನಕ್ಕೋಲು ಇಲ್ಲಿ ಕೈಹಿಡಿಯುತ್ತದೆ: ತಕ ದಿಮಿ ತಕ ತಕಿಟ, ಒಂಬತ್ತು. ಅಮೆರಿಕದ ಟ್ರಂಪೆಟ್ಟಿನವರೂ ಐದು ನಿಮಿಷದಲ್ಲಿ ಇದನ್ನು ಹೇಳಲು ಕಲಿಯುತ್ತಾರೆ. ಒಂದು-ಎರಡು-ಮೂರು ಎಂದು ಅಂಕಿ ಎಣಿಸಿದರೆ ಅರ್ಧ ಗಂಟೆಯಾದರೂ ಕೂರುವುದಿಲ್ಲ. ಈ ಭಾಗ 32 ಬಾರ್ ಇದೆ, 12ಕ್ಕೆ ಇಳಿಸಿ. ನಿಮಿಷಕ್ಕೆ 108 ಕ್ವಾರ್ಟರ್ ನೋಟ್ ವೇಗದಲ್ಲಿ ಅದು ಸರಿಯಾಗಿ 30 ಸೆಕೆಂಡ್. ಹವ್ಯಾಸಿ ಬ್ಯಾಂಡಿಗೆ ಅಷ್ಟು ಸಾಕು.

ಕೃತಿಯ ಏರಿಳಿತ ಹೇಗೆ ಕಟ್ಟಬೇಕು ಎಂಬುದನ್ನು ಆ ಸಂಗೀತವೇ ಹೇಳಿಕೊಡುತ್ತದೆ. ಫರ್ಗಾನಾದ ದೊಡ್ಡ ಹಾಡುಗಳಾಗಲಿ ಮಕಾಮ್ ಆಗಲಿ ಕೆಳಗಿನ ದರೋಮದ್‌ನಿಂದ ಶುರುವಾಗಿ ಮಧ್ಯಭಾಗ ಮಿಯೋನ್‌ಪರ್ದಾಕ್ಕೆ, ಅಲ್ಲಿಂದ ಒಂದು ಸ್ಥಾಯಿ ಮೇಲಿನ ದುನಸ್ರ್‌ಗೆ, ಕೊನೆಗೆ ಅವ್ಜ್ ಎಂಬ ಶಿಖರಕ್ಕೆ ಏರಿ, ಫುರೋವರ್ದ್‌ನಲ್ಲಿ ಬೇಗ ಇಳಿದುಬಿಡುತ್ತವೆ. ನಿಮ್ಮ ತನೋವರ್ ಮೊದಲ ಚರಣದಲ್ಲೇ ಟ್ರಂಪೆಟ್ಟಿನ ಎತ್ತರದಲ್ಲಿದೆ, ಹಾಗಾಗಿ ಏರಲು ಜಾಗವೇ ಉಳಿದಿಲ್ಲ. ಮೊದಲ ಚರಣವನ್ನು ಕ್ಲಾರಿನೆಟ್‌ಗಳ ಕೆಳಸ್ಥಾಯಿ, ಬಸೂನ್, ಯುಫೋನಿಯಂಗೆ ಇಳಿಸಿ. ಕಾನ್ಸರ್ಟ್ ಜಿ, ನಡುವಿನ ಸಿಗಿಂತ ಕೆಳಗಿನದು, ಅಲ್ಲಿಗೆ ಸ ಬರಲಿ. ಶಿಖರ ಎರಡು ಸ್ಥಾಯಿ ಮೇಲಿನ ಜಿ. ಟ್ರಂಪೆಟ್ಟಿಗೆ ಅದು ಕಾಗದದ ಮೇಲೆ ಗೆರೆಗಳಾಚೆಯ ಎ. ಮೊದಲ ಟ್ರಂಪೆಟ್ ಒಬ್ಬರಿಗೆ ಮಾತ್ರ, ಒಮ್ಮೆ ಮಾತ್ರ. ಉಳಿದ ಟ್ರಂಪೆಟ್‌ಗಳು ಕೆಳಗಿನ ಡಿಯಲ್ಲಿ ನಿಲ್ಲಲಿ, ಎತ್ತರದ ಭಾರವನ್ನು ಕೊಳಲು, ಇ ಫ್ಲ್ಯಾಟ್ ಕ್ಲಾರಿನೆಟ್, ಮೊದಲ ಕ್ಲಾರಿನೆಟ್‌ಗಳು ಹೊರಲಿ. ಅವ್ಜ್ ಮುಗಿದ ಮೇಲೆ ಎಂಟು ಬಾರಿನೊಳಗೆ ಕೆಳಗಿಳಿಯಿರಿ. ಅಲ್ಲೇ ಸುತ್ತಾಡಿದರೆ ತುಟಿಗಳೂ ಸೋಲುತ್ತವೆ, ಶಿಖರವೂ ಬಯಲಾಗುತ್ತದೆ.

ತನೋವರ್‌ಗೆ ಮುಂಚೆ ತಾಳವಿಲ್ಲದ ಒಂದು ಭಾಗ ಇಡಲು ಸಲಹೆ. ಫರ್ಗಾನಾ ಕಣಿವೆಯ ಕಟ್ಟಾ ಅಶುಲಾ ಹಾಗೆಯೇ: ವಾದ್ಯಗಳಿಲ್ಲದೆ ಹಾಡುವುದು, ಗಾಯಕರು ಸಾಲುಗಳನ್ನು ಹಂಚಿಕೊಂಡು ಒಬ್ಬರ ಮೇಲೊಬ್ಬರು ಏರುತ್ತ ಹೋಗುತ್ತಾರೆ, ಬಾಯಿಯ ಪಕ್ಕ ತಟ್ಟೆ ಹಿಡಿದು ಧ್ವನಿಯನ್ನು ತಿರುಗಿಸುತ್ತಾರೆ. ಆಲ್ಟೊ ಸ್ಯಾಕ್ಸೊಫೋನ್, ಯುಫೋನಿಯಂ, ಫ್ಲೂಗಲ್‌ಹಾರ್ನ್ ಮೂವರೇ ಇದನ್ನು ನಿಭಾಯಿಸಲಿ. ಬಾರ್ ಗೆರೆ ಬೇಡ, ಉಸಿರಿನ ಗುರುತು ಸಾಕು. ಉಳಿದವರು ಜಿಯನ್ನು ಬಹಳ ಮೆಲ್ಲಗೆ, ಸರದಿಯಲ್ಲಿ ಉಸಿರು ತೆಗೆದು ಹಿಡಿದಿರಲಿ. ಒಬ್ಬರು ಮುಗಿಸುವ ಸ್ವರದ ಮೇಲೆಯೇ ಇನ್ನೊಬ್ಬರು ಹತ್ತಬೇಕು, ನಡುವೆ ಖಾಲಿ ಬಿಡಬಾರದು.

ಇಷ್ಟಾದರೆ ಲೆಕ್ಕ ಹೀಗೆ ಕೂರುತ್ತದೆ: ಕರ್ನಾಯ್ ಕರೆ 30 ಸೆಕೆಂಡ್, ತಾಳವಿಲ್ಲದ ಭಾಗ 1 ನಿಮಿಷ 15, ತನೋವರ್ 2 ನಿಮಿಷ 20, ಯೋರ್-ಯೋರ್ 25 ಸೆಕೆಂಡ್, ತಲ್ಕಿನ್ 30, ಉಳಿದ ಎರಡು ನಿಮಿಷ ಲಾಜ್ಗಿಗೆ. ಯೋರ್-ಯೋರ್ ಸಾಲನ್ನು ಒಂದೇ ಹಾರ್ನ್ ಎತ್ತಲಿ, ಪಲ್ಲವಿಯನ್ನು ಬ್ಯಾಂಡಿನವರು ವಾದ್ಯ ಕೆಳಗಿಟ್ಟು ಹಾಡಿಬಿಡಲಿ.

ಲಾಜ್ಗಿ ಚದುರಲು ಎರಡು ಕಾರಣ. ಮೊದಲನೆಯದು, 84 ಬಾರುಗಳ ಮೇಲೆ ‘ನಿಧಾನಕ್ಕೆ ವೇಗ ಹೆಚ್ಚಿಸಿ’ ಎಂದು ಒಂದೇ ಉದ್ದ ಗೆರೆ ಎಳೆದಿದ್ದೀರಿ. ಪ್ರತಿಯೊಬ್ಬರ ಮನಸ್ಸಿನಲ್ಲೂ ಬೇರೆ ಇಳಿಜಾರು ಇರುತ್ತದೆ. ಮೆಟ್ಟಿಲು ಮಾಡಿ: ನಾಲ್ಕು ಬಾರ್ ದೋಯಿರಾ ಒಂದೇ, ಆಮೇಲೆ ನಿಮಿಷಕ್ಕೆ ಚುಕ್ಕೆ ಕ್ವಾರ್ಟರ್ 60, 76, 96, 116, 132, ಪ್ರತಿ ಮೆಟ್ಟಿಲೂ 16 ಬಾರ್. ಈ 80 ಬಾರ್‌ಗೆ ಸುಮಾರು 1 ನಿಮಿಷ 48 ಸೆಕೆಂಡ್ ಹಿಡಿಯುತ್ತದೆ. ಮೆಟ್ಟಿಲು ಹತ್ತುವ ಬಾರಿನಲ್ಲಿ ಊದುವವರಿಗೆಲ್ಲ ಉದ್ದ ಸ್ವರ ಅಥವಾ ವಿರಾಮ ಕೊಡಿ, ದೋಯಿರಾ ಒಂದೇ ಹೊಸ ವೇಗವನ್ನು ಹೇಳಲಿ. ಪ್ರತಿ ಮೆಟ್ಟಿಲನ್ನೂ ಬೇರೆಬೇರೆಯಾಗಿ ಅಭ್ಯಾಸ ಮಾಡಿಸಿ, 132ರಿಂದ ಶುರುಮಾಡಿ ಕೆಳಗಿಳಿಯುತ್ತ. ಆಗ ಕೊನೆಯ ವೇಗದ ಭಯ ಹೋಗಿರುತ್ತದೆ. ಆ ವೇಗದಲ್ಲಿ ಅಲಂಕಾರಗಳನ್ನು ಕಿತ್ತುಹಾಕಿ, ಸರಳ ಸಾಲು ಮಾತ್ರ ಇರಲಿ.

ಎರಡನೆಯದು ಜಾಗ. ತಾಳವಾದ್ಯ ಬ್ಯಾಂಡುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಸಾಲಿನಲ್ಲಿರುತ್ತದೆ. ಅಲ್ಲಿಂದ ಮುಂದಿನ ಕೊಳಲಿನವರ ತನಕ 10 ಮೀಟರ್ ಎಂದರೆ ಸದ್ದು ತಲುಪಲು ಸುಮಾರು 29 ಮಿಲಿಸೆಕೆಂಡ್ ಬೇಕು. 132ರ ವೇಗದಲ್ಲಿ ಒಂದು ಎಯ್ತ್ ನೋಟ್ ಇರುವುದೇ 152 ಮಿಲಿಸೆಕೆಂಡ್. ಅದರ ಐದನೇ ಒಂದು ಭಾಗ ದಾರಿಯಲ್ಲೇ ಕಳೆದುಹೋಯಿತು. ಕಡ್ಡಿ ನೋಡಿ ನುಡಿಸುವವರು ಒಂದು ಕಡೆ, ದೋಯಿರಾ ಕೇಳಿ ನುಡಿಸುವವರು ಇನ್ನೊಂದು ಕಡೆ. ಫ್ರೇಮ್ ಡ್ರಮ್ಮಿನ ಇಬ್ಬರನ್ನೂ ಮುಂದೆ, ನಿರ್ದೇಶಕರ ಎಡಗೈ ಪಕ್ಕದಲ್ಲಿ ಕೂರಿಸಿ, ಚರ್ಮ ಬ್ಯಾಂಡಿನ ಕಡೆ ತಿರುಗಿರಲಿ. ಸಭಾಂಗಣದ ಕೊನೆಯಲ್ಲಿ ಒಬ್ಬರನ್ನು ನಿಲ್ಲಿಸಿ ಬುಂ ಮತ್ತು ಬಕ್ ಬೇರೆಬೇರೆಯಾಗಿ ಕೇಳುತ್ತಿದೆಯೇ ಎಂದು ವಿಚಾರಿಸಿ; ಬರೀ ಗುಂಯ್ ಅನ್ನುತ್ತಿದ್ದರೆ ಚರ್ಮದ ಒಳಬದಿಗೆ ಅಂಗೈಯಗಲದ ಬಟ್ಟೆ ಅಂಟಿಸಿ.

ಕೊನೆಯ ಬಾರಿನಲ್ಲಿ ನೀವು ವೇಗ ತಗ್ಗಿಸಿ ದೊಡ್ಡ ಮೇಜರ್ ಕಾರ್ಡ್ ಹಾಕಿದ್ದೀರಿ, ಅದನ್ನು ಹೊಡೆದುಹಾಕಿ. 132ರಲ್ಲಿ ಓಡುತ್ತಿರುವಾಗಲೇ ಎಲ್ಲರೂ ಜಿಗೆ ಬಂದು, ದೋಯಿರಾದ ಒಂದು ಬುಂ ಜೊತೆ ಒಮ್ಮೆಗೇ ನಿಲ್ಲಿಸಬೇಕು.